ಗೆರೆ ಊಟದ ಮರುದಿನ

ಹುಬ್ಬಳ್ಳಿ,
ಚಪ್ಪರ ಶಕೆ ಎಂಬತ್ತೆಂಟು, ಎರಡನೇ ಬೇಸಿಗೆಯ ಮೂವತ್ತೇಳನೇ ತಾರೀಖು

ಮಾತೋಶ್ರೀ ಇಂದುಮತಿ ಆಯಿಯವರಿಗೆ, ನಿಮ್ಮ ಮಗಳ ಮಗಳ ಮಗಳ ಮಗಳ ಮಗಳಾದ ನೀಲಗಂಗಾ ಸಿಟ್ಟಿನಿಂದಲೇ ಮಾಡುವ ನಮಸ್ಕಾರ.

ಮೇಲಿನ ತಾರೀಖು ನೋಡಿ ಯಾರೋ ಕುಚೇಷ್ಟೆ ಮಾಡಿದ್ದಾರೆ ಎಂದುಕೊಳ್ಳಬೇಡಿ. ಬಿಸಿಲು ತಡೆಯಲಾರದೆ ಊರಿನ ಬೀದಿಗಳಿಗೆಲ್ಲ ಬಟ್ಟೆಯ ಚಪ್ಪರ ಎಳೆದರಲ್ಲ, ಆ ವರ್ಷದಿಂದ ನಾವು ಶಕೆ ಎಣಿಸುತ್ತೇವೆ. ನಮಗೆ ವರ್ಷಕ್ಕೆ ಎರಡು ಬೇಸಿಗೆ. ನಿಮ್ಮ ಲೆಕ್ಕದಲ್ಲಿ ನಾನು ಸುಮಾರು ನೂರೈವತ್ತು ವರ್ಷ ಮುಂದೆ ಕೂತು ಬರೆಯುತ್ತಿದ್ದೇನೆ. ನನ್ನ ಮಾತುಗಳು ಅಲ್ಲಲ್ಲಿ ವಿಚಿತ್ರ ಕೇಳಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಬರವಣಿಗೆಯ ಕನ್ನಡವನ್ನು ಒಬ್ಬ ಮಾಸ್ತರರ ಹತ್ತಿರ ಹೇಳಿಸಿಕೊಂಡು ಬರೆಯುತ್ತಿದ್ದೇನೆ, ಅವರೂ ಅರ್ಧಂಬರ್ಧ ಬಲ್ಲವರು. ಈ ಪತ್ರ ಹಿಂದಂಚೆಯಲ್ಲಿ ಬರುತ್ತದೆ. ಹಿಂದಂಚೆ ಎಂದರೆ ಸತ್ತುಹೋದ ಹಿರಿಯರಿಗೆ, ಅವರು ಬದುಕಿದ್ದ ಕಾಲಕ್ಕೆ, ಮನೆತನದವರು ಮಾತ್ರ ಬರೆಯಬಹುದಾದ ಅಂಚೆ. ನಿಮ್ಮ ಮೊಬೈಲಿಗೆ ಬಂದು ಬೀಳುತ್ತದಂತೆ. ದಯವಿಟ್ಟು ಸಾಲ ಕೊಡುವವರ ಜಾಹೀರಾತು ಎಂದು ಅಳಿಸಬೇಡಿ. ಹಿಂದಂಚೆಯಿಂದ ಆಗಿಹೋದದ್ದನ್ನು ಬದಲಿಸಲು ಆಗುವುದಿಲ್ಲ ಎಂದು ಕಚೇರಿಯವರು ಮೊದಲೇ ಹೇಳಿ ಕಳಿಸುತ್ತಾರೆ. ಬದಲಿಸಲು ಆಗದಿದ್ದರೂ ಬೈಯಲು ಆಗುತ್ತದೆ. ನಾನು ಬಂದಿರುವುದು ಅದಕ್ಕೇ.

ನಿಮಗೀಗ ಅರವತ್ತನಾಲ್ಕು. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಕನ್ನಡಿಯ ಮುಂದೆ ನಿಂತು ಎರಡು ಬೆರಳಿನಿಂದ ಕೆನ್ನೆಯನ್ನು ಕಿವಿಯ ಕಡೆ ಎಳೆದು ನೋಡಿಕೊಳ್ಳುತ್ತಿದ್ದೀರಿ. ಒಬ್ಬ ಡಾಕ್ಟರರನ್ನೂ ಕದ್ದು ನೋಡಿ ಬಂದಿದ್ದೀರಿ. ನಿಮ್ಮ ದಿನಚರಿ ಈಗ ನನ್ನ ಹತ್ತಿರವಿದೆ, ಅದಕ್ಕೇ ಇದೆಲ್ಲ ಗೊತ್ತು. ಇನ್ನು ಸ್ವಲ್ಪ ದಿನಕ್ಕೆ ಕಾಶಿಯಾತ್ರೆಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ, ಪುಣೆಯ ಒಂದು ಆಸ್ಪತ್ರೆಗೆ ಹೋಗಿ, ಮುಖ ಎತ್ತಿಸಿಕೊಂಡು ಬರುತ್ತೀರಿ. ಬರುವಾಗ ಸುಡುಬಿಸಿಲಿನಲ್ಲೂ ತಲೆಗೆ ಕಿವಿ ಮುಚ್ಚುವಂತೆ ಶಾಲು ಸುತ್ತಿರುತ್ತೀರಿ. ಗಂಗೆಯ ನೀರಿನ ಮಹಿಮೆ ನೋಡ್ರಿ, ಇಂದುಮತಿಬಾಯಾರ ಮುಖದಾಗ ಎಂಥಾ ಕಳೆ ಬಂತು ಎಂದು ಓಣಿಯೆಲ್ಲ ಮಾತಾಡಿ, ಆ ವರ್ಷ ನಿಮ್ಮ ಓಣಿಯ ಮೂವರು ಹೆಂಗಸರು ಕಾಶಿಗೆ ಹೋಗಿ ಹೋದ ಹಾಗೇ ವಾಪಸ್ಸು ಬಂದರಂತೆ. ಎಷ್ಟೋ ವರ್ಷದ ಮೇಲೆ ನಿಮ್ಮ ಮಗಳು ತಲೆಗೆ ಎಣ್ಣೆ ಹಚ್ಚುವಾಗ ಕಿವಿಯ ಹಿಂದೆ ಹೊಲಿಗೆಯ ಗುರುತು ನೋಡಿ ಕೇಳಿದರೆ, ಸಣ್ಣವಳಿದ್ದಾಗ ಆಡು ಹಾಯ್ದದ್ದು ಎಂದಿರಂತೆ. ಯಾವ ಆಡು ಆಯಿ ಅದು, ಎರಡೂ ಕಿವಿಯ ಹಿಂದೆ ಅಳತೆ ಹಿಡಿದು ಹಾಯುವ ಆಡು? ನಮ್ಮ ಮನೆಯಲ್ಲಿ ಇಂದಿಗೂ ಯಾರಾದರೂ ಹಸಿ ಸುಳ್ಳು ಹೇಳಿದರೆ ಆಡು ಹಾಯ್ತೇನು ಎಂದು ಕೇಳುತ್ತಾರೆ.

ನಕ್ಕು ಸುಮ್ಮನಾಗಬಹುದಿತ್ತು. ಆದರೆ ನೀವು ಮುಚ್ಚಿಟ್ಟದ್ದಕ್ಕೆ ದಂಡ ತೆರುತ್ತಿರುವವಳು ನಾನು. ನಿಮ್ಮ ಹಾಗೆ ಕದ್ದು ಮಾಡಿಸಿಕೊಂಡವರು ನಿಮ್ಮ ಮುಂದಿನ ಎರಡು ತಲೆಮಾರಿನಲ್ಲಿ ಬೆಳೆದೂ ಬೆಳೆದೂ, ಊರಿಗೆ ಹೋಗಿ ಬಂದ ಅಜ್ಜಿಯನ್ನು ಕಂಡು ಮೊಮ್ಮಕ್ಕಳು ಚೀರುವುದು, ಗಂಡ ಹೆಂಡತಿ ಪಂಚಾಯತಿಗೆ ಹೋಗುವುದು ದಿನದ ಮಾತಾಯಿತು. ಆಗ ಹಿರಿಯರೆನಿಸಿಕೊಂಡವರು ಕೂತು ಒಂದು ಪದ್ಧತಿ ಮಾಡಿದರು. ಅದಕ್ಕೆ ಗೆರೆ ಊಟ ಎನ್ನುತ್ತೇವೆ. ಮುಖ ಎತ್ತಿಸಿಕೊಳ್ಳಬೇಕೆಂದವರು ಮೊದಲು ಮನೆಯವರನ್ನೆಲ್ಲ ಕೂಡಿಸಿ ಊಟ ಹಾಕಬೇಕು. ಊಟಕ್ಕೆ ಖಡಕ್ ರೊಟ್ಟಿ ಆಗಲೇಬೇಕು, ಏಕೆಂದರೆ ಆಮೇಲೆ ಎಷ್ಟೋ ದಿನ ಗಟ್ಟಿಯಾದದ್ದು ಅಗಿಯುವಂತಿಲ್ಲ. ಊಟವಾದ ಮೇಲೆ ಒಬ್ಬೊಬ್ಬರೇ ಬಂದು, ಮುಖದಲ್ಲಿ ತಮಗೆ ಬೇಕಾದ ಒಂದು ಗೆರೆಯನ್ನು ಬೇಡಿ, ಬೆರಳಿನಿಂದ ಕಾಡಿಗೆ ಹಚ್ಚಬೇಕು. ಕಾಡಿಗೆ ಬಿದ್ದ ಗೆರೆಯನ್ನು ಡಾಕ್ಟರರು ಮುಟ್ಟುವುದಿಲ್ಲ. ಉಳಿದದ್ದಷ್ಟೇ ಎತ್ತಿಸಿಕೊಳ್ಳುವವರದ್ದು. ಮರುದಿನ ಡಾಕ್ಟರರು ನೋಡುವ ತನಕ ಆ ಕಾಡಿಗೆ ತೊಳೆಯಬಾರದು. ಹಾಗೆಂದು ಯಾವ ಕಾಯ್ದೆಯಲ್ಲೂ ಇಲ್ಲ. ಇಲ್ಲಿಯ ತನಕ ಯಾರೂ ತೊಳೆದಿಲ್ಲ, ಅಷ್ಟೆ.

ನನಗೆ ಯಾಕೆ ಬೇಕಾಯಿತು ಎಂಬುದನ್ನು ಹೇಳುತ್ತೇನೆ. ನನಗೆ ಎಪ್ಪತ್ತೆರಡು. ನಮ್ಮ ಕಾಲದಲ್ಲಿ ಇದು ಕೆಲಸ ಬಿಡುವ ವಯಸ್ಸಲ್ಲ. ನಾನು ನೀರಿನ ಕಚೇರಿಯಲ್ಲಿ ಎದುರಿನವಳು. ಯಾರ ಮನೆಗೆ ಎಷ್ಟು ನೀರು ಎಂಬುದನ್ನೆಲ್ಲ ಯಂತ್ರಗಳೇ ತೀರ್ಮಾನಿಸುತ್ತವೆ, ಆದರೆ ಜನರಿಗೆ ಯಂತ್ರಕ್ಕೆ ಬೈದು ಸಮಾಧಾನವಾಗುವುದಿಲ್ಲ. ಅದಕ್ಕಾಗಿ ಪ್ರತಿ ಕಚೇರಿಯಲ್ಲೂ ಒಂದು ಮೇಜು ಹಾಕಿ ಒಬ್ಬ ಮನುಷ್ಯರನ್ನು ಎದುರಿಗೆ ಕೂಡಿಸುತ್ತಾರೆ. ಕೇಳಿಸಿಕೊಳ್ಳುವುದು, ಹೂಂ ಎನ್ನುವುದು, ಒಂದು ಲೋಟ ಮಜ್ಜಿಗೆ ಕೊಡುವುದು, ಇದೇ ನಮ್ಮ ಕೆಲಸ. ಇಪ್ಪತ್ತು ವರ್ಷ ಚೆನ್ನಾಗಿಯೇ ಮಾಡಿದ್ದೇನೆ. ಈಗ ಐದಾರು ವರ್ಷದಿಂದ ನನ್ನ ಕೆನ್ನೆ ಜೋತಿದೆ, ಬಾಯಿಯ ತುದಿಗಳು ಕೆಳಗಿಳಿದಿವೆ, ಗದ್ದದ ಕೆಳಗೆ ಚರ್ಮ ಜೋಳಿಗೆಯಾಗಿದೆ. ನಾನು ಸುಮ್ಮನೆ ಕೂತರೂ ಯಾರ ಮೇಲೋ ಕಿಡಿಕಾರುತ್ತಿರುವಂತೆ ಕಾಣುತ್ತದೆ. ದೂರು ಹೇಳಲು ಬಂದವರೇ ಯಾಕ್ರೀ ಬಾಯಾರ, ಸಿಟ್ಟಾಗೀರೇನು, ಆರಾಮಿಲ್ಲೇನು ಎಂದು ನನ್ನನ್ನು ಕೇಳುತ್ತಾರೆ. ಇಲ್ಲಪ್ಪಾ, ಆರಾಮಿದ್ದೇನೆ ಎನ್ನುತ್ತೇನೆ. ದಿನಕ್ಕೆ ಹತ್ತು ಮಂದಿಗೆ ಆರಾಮಿದ್ದೇನೆ ಎಂದು ಹೇಳಿ ಹೇಳಿ ಸಂಜೆಯ ಹೊತ್ತಿಗೆ ನಿಜವಾಗಿಯೂ ಸಿಟ್ಟು ಬಂದಿರುತ್ತದೆ. ಒಳಗೆ ನಾನು ಹಗುರವಾಗಿದ್ದೇನೆ ಆಯಿ, ಹಾಡು ಗುನುಗುತ್ತಾ ಕೆಲಸಕ್ಕೆ ಹೋಗುತ್ತೇನೆ. ನನ್ನ ಮುಖ ಮಾತ್ರ ಊರ ತುಂಬ ನನ್ನ ಮೇಲೆ ಚಾಡಿ ಹೇಳಿಕೊಂಡು ತಿರುಗುತ್ತದೆ.

ನೂರೈವತ್ತು ವರ್ಷದಲ್ಲಿ ಏನೇನೋ ಆಗಿದೆಯಲ್ಲ, ಮುಖಕ್ಕೊಂದು ಮುಲಾಮು ಬಂದಿಲ್ಲವೇ ಎಂದು ನೀವು ಕೇಳಬಹುದು. ಅದೇ ನನ್ನ ಹೊಟ್ಟೆಯುರಿ. ಮನೆಯ ಬಾಗಿಲು ನಮ್ಮ ನಡಿಗೆ ಗುರುತಿಸಿ ತಾನೇ ತೆಗೆದುಕೊಳ್ಳುತ್ತದೆ. ಜನ ಮೇಲಿಂದ ಮೇಲೆ ಮುಖ ಬದಲಿಸಿದ್ದರಿಂದ ಬಾಗಿಲುಗಳು ಮುಖವನ್ನು ನಂಬುವುದು ಬಿಟ್ಟಿವೆ. ನನಗೆ ಮೊಣಕಾಲು ಹಿಡಿದುಕೊಂಡ ದಿನ ನನ್ನ ಮನೆಯ ಬಾಗಿಲೇ ನನ್ನನ್ನು ಒಳಗೆ ಬಿಡಲಿಲ್ಲ, ಚಪ್ಪರದ ಕೆಳಗೆ ಸ್ಟೂಲು ಹಾಕಿಕೊಂಡು ಕೂತಿದ್ದೆ. ಹಿಟ್ಟು ಹಾಕಿದರೆ ರೊಟ್ಟಿ ಬಡಿದುಕೊಡುವ ಯಂತ್ರವಿದೆ, ಎರಡು ಬೇಸಿಗೆಗೆ ಎರಡು ಬೆಳೆ ಕೊಡುವ ಜೋಳವಿದೆ. ಮುಖ ಎತ್ತಲು ಮಾತ್ರ ಅದೇ ಕತ್ತರಿ, ಅದೇ ಸೂಜಿ, ಅದೇ ದಾರ. ಡಾಕ್ಟರ್ ಕಮಲಾಕ್ಷಿ ಅಂಗಡಿ ಎಂಬವರು ನಮ್ಮ ಊರಿನಲ್ಲಿ ಇದರಲ್ಲಿ ಹೆಸರಾದವರು. ಅವರು ನನ್ನ ರಕ್ತದೊತ್ತಡ, ಸಕ್ಕರೆ, ಹೃದಯ ಎಲ್ಲ ನೋಡಿ, ರಕ್ತ ತೆಳುವಾಗಿಸುವ ಗುಳಿಗೆ ತಗೋತೀರೇನು, ತಂಬಾಕು ಹಾಕ್ತೀರೇನು ಎಂದು ಕೇಳಿ, ವಯಸ್ಸು ಅಡ್ಡಿಯಿಲ್ಲ, ಆರೋಗ್ಯ ಮುಖ್ಯ ಎಂದರು. ಕಿವಿಯ ಮುಂದಿನಿಂದ ಹಿಂದಿನ ತನಕ ಕೊಯ್ದು, ಒಳಗಿನ ಪದರ ಬಿಗಿದು, ಹೆಚ್ಚಿನ ಚರ್ಮ ತೆಗೆದು ಹೊಲಿಯುತ್ತಾರೆ. ಗದ್ದದ ಕೆಳಗಿನ ಜೋಲೇ ಮುಖ್ಯ, ಅದನ್ನು ಎತ್ತದೆ ಉಳಿದದ್ದು ಎತ್ತಿದರೆ ಅರ್ಧ ಸಾರಿಸಿದ ಅಂಗಳದಂತೆ ಕಾಣುತ್ತದೆ ಎಂದು ಬಿಡಿಸಿ ಹೇಳಿದರು. ಮುಖ ಊದುತ್ತದೆ, ನೀಲಿಗಟ್ಟುತ್ತದೆ, ಕೆನ್ನೆ ಕೆಲವು ತಿಂಗಳು ಜೋಮು ಹಿಡಿದಿರಬಹುದು, ಅಪರೂಪಕ್ಕೆ ನರಕ್ಕೆ ಪೆಟ್ಟಾಗಿ ಬಾಯಿ ಸೊಟ್ಟ ಆಗುವುದೂ ಉಂಟು, ಹತ್ತು ವರ್ಷಕ್ಕೆ ಮತ್ತೆ ಇಳಿಯುವುದೂ ಉಂಟು ಎಂದು ಒಂದನ್ನೂ ಮುಚ್ಚಿಡಲಿಲ್ಲ. ನಮ್ಮ ಮನೆಯವರು, ರಾಚಪ್ಪ, ಪಕ್ಕದಲ್ಲೇ ಕೂತು ಎಲ್ಲಾ ಕೇಳಿಸಿಕೊಂಡರು.

ಮೊದಲ ದಿನಗಳಲ್ಲಿ ಹತ್ತಿರ ಮನೆಯವರೊಬ್ಬರು ಇರಲೇಬೇಕು, ಕಣ್ಣು ಊದಿ ಮುಚ್ಚಿಕೊಂಡಿರುತ್ತವೆ, ನೀರು ಕೂಡ ಯಾರಾದರೂ ಕುಡಿಸಬೇಕು ಎಂದು ಡಾಕ್ಟರರು ಹೇಳಿದಾಗ ನನಗೆ ನಿಮ್ಮ ನೆನಪಾಯಿತು. ಪುಣೆಯಲ್ಲಿ ನಿಮಗೆ ಯಾರಿದ್ದರು ಆಯಿ? ಮನೆಯವರೆಲ್ಲ ನೀವು ಗಂಗೆಯಲ್ಲಿ ಮುಳುಗೇಳುತ್ತಿದ್ದೀರಿ ಎಂದುಕೊಂಡಿದ್ದಾಗ, ತಲೆಗೆ ಪಟ್ಟಿ ಸುತ್ತಿಕೊಂಡು ನೀವು ಯಾರದೋ ಊರಿನ ಮಂಚದ ಮೇಲೆ ಒಬ್ಬರೇ ಬಿದ್ದಿದ್ದಿರಿ. ಅಷ್ಟು ಹೊತ್ತು ನನ್ನ ಸಿಟ್ಟು ಸ್ವಲ್ಪ ಇಳಿದಿತ್ತು. ಹೊರಗೆ ಬಂದು ಗೆರೆ ಊಟಕ್ಕೆ ದಿನ ಗೊತ್ತುಮಾಡುವಾಗ ಮತ್ತೆ ಏರಿತು.

ಊಟ ನಿನ್ನೆ ಆಯಿತು. ನಾನು ಕರೆದದ್ದು ನಾಲ್ಕೇ ಮಂದಿಯನ್ನು. ನನ್ನ ತಂಗಿ ಗೌರವ್ವ, ಮಗ ಮಹಾಂತೇಶ, ಮಗನ ಮಗಳು ತುಂಗಾ, ಮತ್ತು ರಾಚಪ್ಪ. ರೊಟ್ಟಿ ಮುರಿಯುವ ಸಪ್ಪಳದ ನಡುವೆಯೇ ಮಗ ವಿಚಾರಣೆ ಶುರುಮಾಡಿದ.

"ಯಾಕ್ ಬೇಕಾತು ಯವ್ವಾ ಇದು ನಿನಗ?"

ನಾನು ಏನು ಹೇಳಬೇಕಿತ್ತು? ಏನು ಹೇಳಿದೆ ಕೇಳಿ. ರೆಪ್ಪೆ ಜೋತು ಓದಲು ತ್ರಾಸಾಗುತ್ತದೆ ಎಂದೆ. ಹಾಗಾದರೆ ರೆಪ್ಪೆಯಷ್ಟೇ ಮಾಡಿಸು ಎಂದ. ಕಚೇರಿಯಲ್ಲಿ ಜನ ಹೆದರುತ್ತಾರೆ ಎಂದೆ. ಹಾಗಾದರೆ ಕೆಲಸ ಬಿಡು ಎಂದ. ಡಾಕ್ಟರರೇ ಹೇಳಿದರು ಎಂದೆ. ರಾಚಪ್ಪ ತಲೆ ಎತ್ತದೆ ಶೇಂಗಾ ಚಟ್ನಿ ಕಲಸಿಕೊಳ್ಳುತ್ತಾ, "ಡಾಕ್ಟರ್ ಏನ್ ಹೇಳಿಲ್ಲಪ್ಪ, ಈಕೀನ ಕೇಳಿದ್ಲು" ಎಂದರು. ತುಂಗಾ ಫಕ್ಕನೆ ನಕ್ಕು, "ಆಯಿ, ಆಡು ಹಾಯ್ತೇನು?" ಎಂದಳು. ಎಲ್ಲರೂ ನಕ್ಕರು. ನಿಮ್ಮಿಂದ ಬಂದ ಆಸ್ತಿ ಇದೊಂದೇ ನೋಡಿ ನಮಗೆ. ಬೇಕು ಎನ್ನುವ ಒಂದು ಮಾತು ಬಿಟ್ಟು ಬೇರೆಲ್ಲ ಮಾತೂ ನಮ್ಮ ಬಾಯಿಗೆ ಬರುತ್ತದೆ.

ಆಮೇಲೆ ಕಾಡಿಗೆ ಬಟ್ಟಲು ತಂದರು. ಗೌರವ್ವ ಮೊದಲು ಬಂದು ಕಣ್ಣಿನ ಕೆಳಗಿನ ಚೀಲಗಳಿಗೆ ಹಚ್ಚಿ, "ಇವು ನಮ್ಮವ್ವನ ಕಣ್ಣು ಅಕ್ಕಾ. ಇವನ್ನ ತೆಗಸಿದ್ರ ನಾ ಅವ್ವನ್ನ ಎಲ್ಲಿ ನೋಡ್ಲಿ?" ಎಂದು ಅತ್ತುಬಿಟ್ಟಳು. ಅತ್ತವಳಿಗೆ ಬೇಡ ಎನ್ನುವುದು ಹೇಗೆ? ಮಹಾಂತೇಶ ಹುಬ್ಬಿನ ನಡುವಿನ ಎರಡು ಗೆರೆ ಹಿಡಿದ. "ನಾ ಸಾಲಿ ತಪ್ಪಿಸಿ ಕೆರಿಗೆ ಈಸಾಕ ಹೋಗತಿದ್ದಾಗ ಬಿದ್ದ ಗೆರಿ ಇವು. ಇವು ಹೋದ್ರ ನನ್ನ ಯಾರ ಗದರಸ್ತಾರ?" ಐವತ್ತರ ಹತ್ತಿರ ಬಂದ ಗಂಡಸು ಆಡುವ ಮಾತೇ ಇದು? ತುಂಗಾ ಬಾಯಿಯ ಎಡಬದಿಯ ಗೆರೆಗೆ ಹಚ್ಚಿದಳು, ನಕ್ಕಾಗ ಅದು ಚೆಂದ ಮಡಚುತ್ತದಂತೆ. ಹಚ್ಚಿ ಹಿಂದೆ ಸರಿಯದೆ, ಅವಳು ಬಸುರಿ, "ಹೊಟ್ಯಾಗಿನ ಕೂಸಿಗೂ ಒಂದ್ ಪಾಲು" ಎಂದು ಬಲಬದಿಯದ್ದಕ್ಕೂ ಹಚ್ಚಿದಳು. ಇನ್ನೂ ಹುಟ್ಟದವರಿಗೂ ನನ್ನ ಮುಖದಲ್ಲಿ ಪಾಲು! ಹೋಗಲಿ, ಗದ್ದದ ಕೆಳಗಿನದು ಉಳಿಯಿತಲ್ಲ, ಅದೇ ಮುಖ್ಯ, ಎಂದು ನಾನು ಮನಸ್ಸಿನಲ್ಲೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಗಂಡ ಅಥವಾ ಹೆಂಡತಿ ಕೊನೆಗೆ ಬೇಡುವುದು ಪದ್ಧತಿ. ರಾಚಪ್ಪ ಕೈತೊಳೆದುಕೊಂಡು ಬಂದು, ಬೆರಳು ಕಾಡಿಗೆಯಲ್ಲಿ ಅದ್ದಿ, ಗದ್ದದ ಕೆಳಗೆ ಈ ಕಿವಿಯಿಂದ ಆ ಕಿವಿಯ ತನಕ ಎಳೆದರು.

ಮಗ, ತಂಗಿ, ಮೊಮ್ಮಗಳು ಎಲ್ಲರೂ ಅಯ್ಯೋ ಪಾಪ, ಎಂಥಾ ಪ್ರೀತಿ ಎಂಬಂತೆ ನೋಡುತ್ತಿದ್ದರು. ನಾನು ರಾಚಪ್ಪನವರ ಮುಖ ನೋಡಿದೆ, ಅವರು ನನ್ನ ಮುಖ ನೋಡಲಿಲ್ಲ. ಡಾಕ್ಟರರ ಮುಂದೆ ನನ್ನ ಪಕ್ಕದಲ್ಲಿ ಕೂತು ಕೇಳಿಸಿಕೊಂಡವರು ಅವರೊಬ್ಬರೇ. ಅದೊಂದನ್ನು ಹಿಡಿದರೆ ಏನೂ ಎತ್ತಲಾಗುವುದಿಲ್ಲ ಎಂಬುದು ಗೊತ್ತಿದ್ದವರೂ ಅವರೊಬ್ಬರೇ. ಎಲೆ ಅಡಿಕೆ ತರುತ್ತೇನೆಂದು ನಾನು ಅಡುಗೆಮನೆಗೆ ಹೋದೆ, ಕಣ್ಣಿನಿಂದಲೇ ಅವರನ್ನೂ ಕರೆದೆ.

"ಯಾಕ್ರೀ ಹಿಂಗ ಮಾಡಿದ್ರಿ? ಗೊತ್ತಿದ್ದೂ ಗೊತ್ತಿದ್ದೂ?"

ಅವರು ನೀರಿನ ಹಂಡೆಯ ಮುಚ್ಚಳ ಸರಿಮಾಡಿದರು. ನಾನು ನೂರು ನೆವ ಹೇಳುವ ಮನೆತನದವಳು, ಅವರು ಹಾಗಲ್ಲ. ಕೇಳಿದರೆ ಹೇಳಿಬಿಡುತ್ತಾರೆ.

"ನಂಗ ಹೆದರಿಕಿ ಐತಿ ನೀಲಾ. ನೀ ಎಳೇಕಿ ಕಂಡ್ರ, ನಿನ್ನ ಬಾಜೂಕ ನಾ ನಿನ್ನ ಅಪ್ಪನಂಗ ಕಾಣ್ತೀನಿ. ಮಂದಿ ನಗ್ತಾರ."

ನಲವತ್ತೊಂಬತ್ತು ವರ್ಷದ ಸಂಸಾರದಲ್ಲಿ ನನಗೆ ಇಷ್ಟು ಸಿಟ್ಟು ಬಂದದ್ದಿಲ್ಲ. ನಗುವೂ ಬಂತು, ಅದು ಬೇರೆ ಮಾತು. ಮುದುಕನಾಗಿ ಕಾಣುತ್ತೇನೆಂಬ ಹೆದರಿಕೆ ಅವರಿಗಿದ್ದರೆ ಅದು ಮರ್ಯಾದೆಯ ಪ್ರಶ್ನೆ. ಮುದುಕಿಯಾಗಿ ಕಾಣುತ್ತೇನೆಂಬ ಬೇಸರ ನನಗಿದ್ದರೆ ಅದು ಚಪಲ! ತಂಗಿಗೆ ಅವ್ವನನ್ನು ನೋಡಬೇಕು, ಮಗನಿಗೆ ಗದರಿಸಿಕೊಳ್ಳಬೇಕು, ಮೊಮ್ಮಗಳಿಗೆ ನಗು ಬೇಕು, ಗಂಡನಿಗೆ ಜೊತೆಗೆ ಸರಿಹೊಂದುವ ಮುದುಕಿ ಬೇಕು. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಎಂದ ಹಾಗೆ ಎಲ್ಲರೂ ತಮ್ಮ ತಮ್ಮ ಕಡೆಗೆ ಎಳೆದರು. ಅವರೆಲ್ಲ ನನ್ನನ್ನು ಪ್ರೀತಿಸುತ್ತಾರೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅದಕ್ಕೇ ಉಸಿರು ಕಟ್ಟುತ್ತದೆ. ಪ್ರೀತಿಯಿಲ್ಲದವರಿಗೆ ಹೋಗ್ರಿ ಎನ್ನಬಹುದು, ಪ್ರೀತಿಯಿದ್ದವರಿಗೆ ಏನೆನ್ನಬೇಕು?

ಹಂಡೆಯಿಂದ ಒಂದು ಚೊಂಬು ನೀರು ತೆಗೆದುಕೊಂಡೆ. ಕಡಲೆಹಿಟ್ಟು ಹಾಕಿ ತಿಕ್ಕಿ ಮುಖ ತೊಳೆದೆ. ರಾಚಪ್ಪ ನೀಲಾ, ನೀಲಾ ಎಂದು ಎರಡು ಸಲ ಅಂದರು, ಕೈ ಹಿಡಿಯಲಿಲ್ಲ. ಒದ್ದೆ ಮುಖದಲ್ಲೇ ಪಡಸಾಲೆಗೆ ಹೋಗಿ ನಿಂತೆ. ಗೌರವ್ವ ಎದೆಯ ಮೇಲೆ ಕೈ ಇಟ್ಟುಕೊಂಡಳು. ಆಗ ನಾನು ಹೇಳಿದೆ. ನಿಮ್ಮಿಂದ ನನ್ನ ತನಕ ನಮ್ಮ ಮನೆತನದ ಒಬ್ಬ ಹೆಂಗಸೂ ಬಾಯಿಬಿಟ್ಟು ಹೇಳಿರದ ಮಾತನ್ನು ಹೇಳಿದೆ.

"ರೆಪ್ಪಿಗೂ ಅಲ್ಲ, ಕೆಲಸಕ್ಕೂ ಅಲ್ಲ. ನಂಗ ಚೆಂದ ಕಾಣಬೇಕು."

"ಈ ವಯಸ್ಸಿನ್ಯಾಗ?" ಎಂದಳು ಗೌರವ್ವ.

"ಹೂಂ, ಈ ವಯಸ್ಸಿನ್ಯಾಗ. ಎಳೇಕಿ ಇದ್ದಾಗ ಚೆಂದ ಕಾಣಾಕ ನಾ ಏನ್ ಮಾಡಬೇಕಾಗಿತ್ತು? ಬೇಕಾಗಿರೂದು ಈಗ."

ಇದಾದ ಮೇಲೆ ಎಲ್ಲ ಸರಿಹೋಯಿತು ಎಂದು ಬರೆಯಬೇಕೆಂದು ಆಸೆ. ಹಾಗೇನೂ ಆಗಲಿಲ್ಲ. ಗೌರವ್ವ ಅರಿಶಿನ ಕುಂಕುಮ ಕೂಡ ತೆಗೆದುಕೊಳ್ಳದೆ ಹೊರಟಳು. ಅವ್ವ ಸತ್ತ ದಿನವೂ ಅವಳು ಹಾಗೆ ನನ್ನ ಮನೆಯಿಂದ ಹೋಗಿರಲಿಲ್ಲ. ಮಹಾಂತೇಶ ನಿನ್ನಿಷ್ಟ ಯವ್ವಾ ಎಂದ, ಆ ಮಾತಿನಲ್ಲಿ ಇಷ್ಟ ಏನೂ ಇರಲಿಲ್ಲ. ತುಂಗಾಳ ಕಣ್ಣು ಕೆಂಪಗಿತ್ತು, ಆದರೂ ಪಾತ್ರೆ ಎತ್ತಿಟ್ಟು ಹೋದಳು. ಇವತ್ತು ಬೆಳಿಗ್ಗೆ ಬೋಳು ಮುಖದಲ್ಲಿ ಹೋದಾಗ ಡಾಕ್ಟರ್ ಕಮಲಾಕ್ಷಿಯವರು ಕನ್ನಡಕ ತೆಗೆದು ನೋಡಿದರು. ಯಾರೂ ಏನೂ ಬೇಡಲಿಲ್ಲವೇ ಎಂದು ಕೇಳಿದರು. ಎಲ್ಲರೂ ಎಲ್ಲವನ್ನೂ ಬೇಡಿದರು, ನಾನು ತೊಳೆದೆ ಎಂದೆ. ಅವರು ಕನ್ನಡಕ ಮತ್ತೆ ಹಾಕಿಕೊಂಡು, ಕಾಯ್ದೆಯಲ್ಲಿ ಅಡ್ಡಿಯಿಲ್ಲ, ನಾಳೆ ಮುಂಜಾನೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದರು.

ನನಗೆ ಹೆದರಿಕೆಯಾಗಿದೆ. ಬಾಯಿ ಸೊಟ್ಟ ಆದರೆ, ತಂಗಿ ಮತ್ತೆ ಬಾರದೇ ಹೋದರೆ, ಇಷ್ಟೆಲ್ಲ ಮಾಡಿಯೂ ಕನ್ನಡಿಯಲ್ಲಿ ಅದೇ ಸಿಡುಕಿ ಕೂತಿದ್ದರೆ ಎಂದು ಮನಸ್ಸು ಒಂದೇ ಸಮನೆ ಗೊಣಗುತ್ತಿದೆ. ರಾಚಪ್ಪ ನಿನ್ನೆಯಿಂದ ಮಾತಾಡಿರಲಿಲ್ಲ. ಈಗ ಸ್ವಲ್ಪ ಹೊತ್ತಿನ ಹಿಂದೆ ಬಂದು, ಗುಟುಕು ಗುಟುಕಾಗಿ ನೀರು ಕುಡಿಸಲು ಕೊಳವೆಯ ಲೋಟ ಒಳ್ಳೆಯದೋ ಚಮಚ ಒಳ್ಳೆಯದೋ ಎಂದು ಕೇಳಿದರು. ಚಮಚ ಎಂದೆ. ಸಿಟ್ಟು ಇಳಿದಿಲ್ಲ, ಆದರೂ ಚಮಚ ಎಂದೆ.

ಇನ್ನು ಮುಗಿಸುತ್ತೇನೆ. ಕಾಗದದ ಕೊನೆಗೆ ಹಿರಿಯರ ಆಶೀರ್ವಾದ ಬೇಡುವುದು ವಾಡಿಕೆ. ಆದರೆ ಲೆಕ್ಕ ಹಾಕಿದರೆ ಇವತ್ತಿಗೆ ನಾನು ನಿಮಗಿಂತ ಎಂಟು ವರ್ಷ ಹಿರಿಯಳು, ಆದ್ದರಿಂದ ಆಶೀರ್ವಾದ ಮಾಡುವ ಸರದಿ ನನ್ನದು. ಬದಲಾಗದು ಎಂದು ಗೊತ್ತಿದ್ದೂ ಹೇಳುತ್ತೇನೆ. ಇಂದುಮತಿ, ನನ್ನವ್ವಾ, ಹೋಗು, ಬೇಕೆನಿಸಿದರೆ ಮಾಡಿಸಿಕೋ. ಬೇಡವೆನಿಸಿದರೆ ಬಿಡು. ಆದರೆ ಹೊರಡುವ ಮುಂಚೆ ಮಗಳನ್ನು ಹತ್ತಿರ ಕೂಡಿಸಿಕೊಂಡು, ನನಗೆ ಚೆಂದ ಕಾಣಬೇಕು, ನೀನು ನನ್ನ ಜೊತೆಗೆ ಬಾ ಎಂದು ಹೇಳು. ಅವಳು ಬೈಯುತ್ತಾಳೆ, ಆಮೇಲೆ ಬರುತ್ತಾಳೆ.

ಇಂತಿ ನಿನ್ನ ಹಿರಿಯಳು,
ನೀಲಗಂಗಾ